ಮನೆಯ ಬಾಗಿಲು ತೆರೆದಿಟ್ಟ ಗೃಹಸ್ಥ: ಕರ್ಮವೀರ ಭಾವೂರಾವ ಪಾಟೀಲರ ಜೀವನ ಸ್ಮರಣೆ

ಶ್ರಾವಕ ಧರ್ಮದಲ್ಲಿ ಗೃಹಸ್ಥನಿಗೆ ಹಿರಿದಾದ ಸ್ಥಾನವುಂಟು. ಮುನಿಗಳಿಗೆ ಆಹಾರವು ಸಲ್ಲುವುದು ಗೃಹಸ್ಥನ ಕೈಯಿಂದ; ಬಸದಿಯ ಕಲ್ಲು ಕಲ್ಲಿನ ಮೇಲೆ ಏರುವುದು ಗೃಹಸ್ಥನ ದಾನದಿಂದ. ಆದರೂ ಇಂತಹ ಪ್ರತಿಷ್ಠಾ ಮಹೋತ್ಸವದ ಸಂಚಿಕೆಗಳಲ್ಲಿ ಗೃಹಸ್ಥರ ಚರಿತ್ರೆ ಬರುವುದು ಕಡಿಮೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಾವು ಭೋಜದ ಶಾಂತಿಸಾಗರರನ್ನು, ಕೋಥಳಿಯ ದೇಶಭೂಷಣರನ್ನು, ಶೇಡಬಾಳದ ವಿದ್ಯಾನಂದರನ್ನು, ಸದಲಗಾದ ವಿದ್ಯಾಸಾಗರರನ್ನು ಕೊಟ್ಟ ನೆಲದವರೆಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ಯೋಗ್ಯವಾದುದೇ. ಅವರೆಲ್ಲರೂ ಮನೆಯನ್ನು ಬಿಟ್ಟು ಲೋಕಕ್ಕೆ ಬೆಳಕಾದರು. ಮನೆಯಲ್ಲಿಯೇ ನಿಂತು, ಹೆಂಡತಿ ಮಕ್ಕಳೊಡನೆ ಬಾಳುತ್ತ, ಆ ಮನೆಯನ್ನೇ ಲೋಕದಷ್ಟು ಅಗಲವಾಗಿ ಮಾಡಿದ ಒಬ್ಬ ಸಾಹಸಿ ಗೃಹಸ್ಥರ ಕಥೆಯನ್ನು ಈ ಮಂಗಲ ಪ್ರಸಂಗದಲ್ಲಿ ಬಂಧುಗಳ ಮುಂದಿಡಬೇಕೆಂದು ನನ್ನ ಬಯಕೆ. ಅವರೇ ಕರ್ಮವೀರ ಭಾವೂರಾವ ಪಾಟೀಲರು.

ನಾನು ಪಂಡಿತನಲ್ಲ, ಮ್ಯಾಟ್ರಿಕ್‌ವರೆಗೆ ಓದಿ ತಂದೆಯವರ ಅಂಗಡಿಯ ಗಾದಿಯ ಮೇಲೆ ಕುಳಿತವನು. ವ್ಯಾಪಾರದ ನಿಮಿತ್ತ ಕರಾಡ, ಸಾತಾರೆಗಳಿಗೆ ಹೋಗಿಬರುವಾಗ ಕೇಳಿದ್ದನ್ನು, ಓದಿ ತಿಳಿದದ್ದನ್ನು ಯಥಾಶಕ್ತಿ ಬರೆದಿದ್ದೇನೆ. ತಪ್ಪುಗಳಿದ್ದರೆ ಹಿರಿಯರು ಕ್ಷಮಿಸಬೇಕು.

ಕುಂಭೋಜದಲ್ಲಿ ಜನನ

ನಮ್ಮಲ್ಲಿ ಕುಂಭೋಜದ ಬಾಹುಬಲಿಗೆ ಹೋಗದ ಮನೆತನ ವಿರಳ. 1963ರಲ್ಲಿ ಅಲ್ಲಿ ನೆಲೆಗೊಂಡ 28 ಅಡಿಯ ಅಮೃತಶಿಲೆಯ ಭಗವಾನರ ಮೂರ್ತಿಯ ಮುಂದೆ ಕೈಮುಗಿದು, ಬೆಟ್ಟವನ್ನೇರಿ, ಪ್ರಸಾದ ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಮರಳುತ್ತೇವೆ. ಆದರೆ ಸಮೀಪದ ಕುಂಭೋಜ ಗ್ರಾಮದಲ್ಲಿ 1887ನೇ ಇಸವಿ ಸಪ್ಟೆಂಬರ 22ರಂದು, ತಾಯಿಯ ತವರುಮನೆಯಲ್ಲಿ, ಭಾವೂರಾವ ಎಂಬ ಶಿಶು ಜನಿಸಿತೆಂಬುದನ್ನು ಎಷ್ಟು ಜನ ನೆನೆಯುತ್ತೇವೆ?

ತಂದೆ ಪಾಯಗೌಂಡ ಪಾಟೀಲರು, ತಾಯಿ ಗಂಗಾಬಾಯಿ. ಮನೆತನದ ಊರು ಇಂದಿನ ಸಾಂಗಲಿ ಜಿಲ್ಲೆಯ ವಾಳವಾ ತಾಲೂಕಿನ ಐತವಡೆ ಬುದ್ರುಕ. ಇವರ ಪೂರ್ವಜರು ಮೂಡಬಿದಿರೆಯಿಂದ ಬಂದವರೆಂದು ಚರಿತ್ರಕಾರರು ಬರೆದಿದ್ದಾರೆ. ಸಾವಿರ ಕಂಬದ ಬಸದಿಯ ಊರಿನ ಬೇರು ಕೃಷ್ಣೆ ವಾರಣೆಯರ ಕರಿಮಣ್ಣಿನಲ್ಲಿ ಚಿಗುರಿತೆಂದರೆ ಕನ್ನಡಿಗರಾದ ನಮಗೆ ಇನ್ನಷ್ಟು ಹತ್ತಿರವೆನಿಸುತ್ತದೆ. ತಂದೆಯವರದು ಸರಕಾರಿ ಕಾರಕೂನಿಕೆ. ಆಗಾಗ ವರ್ಗವಾಗುವ ನೌಕರಿ. ಹುಡುಗನ ಓದೂ ಅದರೊಡನೆ ಊರಿಂದೂರಿಗೆ ಅಲೆಯಿತು. ಮೈ ಗಟ್ಟಿ, ಸ್ವಭಾವ ಬಿರುಸು, ಪುಸ್ತಕಕ್ಕಿಂತ ಕುಸ್ತಿಯ ಮೇಲೆ ಪ್ರೀತಿ. ಅಸ್ಪೃಶ್ಯರಿಗೆ ನೀರು ಸೇದಲು ಬಿಡದ ಬಾವಿಯ ಗಾಲಿಯನ್ನು ಈ ಹುಡುಗನು ಸಿಟ್ಟಿನಿಂದ ಕಿತ್ತೆಸೆದನೆಂಬ ಮಾತು ಆ ಪ್ರಾಂತದಲ್ಲಿ ಇಂದಿಗೂ ಪ್ರಚಲಿತವಿದೆ.

ಕೊಲ್ಹಾಪುರದ ಬೋರ್ಡಿಂಗು

ಮುಂದಿನ ಭಾಗವನ್ನು ಬರೆಯುವಾಗ ನನ್ನ ಲೇಖನಿ ತುಸು ತಡೆಯುತ್ತದೆ. ಆದರೆ ಚರಿತ್ರೆಯನ್ನು ಬರೆಯಹೊರಟವನು ನಮಗೆ ಒಪ್ಪುವುದನ್ನಷ್ಟೇ ಬರೆದರೆ ಅದು ಚರಿತ್ರೆಯಾಗಲಾರದು.

ನಿಪ್ಪಾಣಿಯ ಬಳಿಯ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯು ಹುಟ್ಟಿತು. ಒಕ್ಕಲುತನವನ್ನೇ ನಂಬಿದ್ದ ನಮ್ಮ ಸಮಾಜದ ಮಕ್ಕಳಿಗೆ ವಿದ್ಯೆ ದೊರೆಯಬೇಕೆಂಬುದು ಅದರ ಹಿರಿಯರ ಮೊದಲ ಚಿಂತೆ. ಕೊಲ್ಹಾಪುರದ ಶಾಹೂ ಮಹಾರಾಜರು ಒಂದೊಂದು ಸಮಾಜದ ವಿದ್ಯಾರ್ಥಿಗಳಿಗೂ ವಸತಿಗೃಹಗಳಾಗಲೆಂದು ಉತ್ತೇಜನವನ್ನಿತ್ತ ಕಾಲವದು. ಅಂತಹದೊಂದು ಜೈನ ಬೋರ್ಡಿಂಗಿನಲ್ಲಿದ್ದುಕೊಂಡು ಭಾವೂರಾವರು ರಾಜಾರಾಮ ಹಾಯಸ್ಕೂಲಿನಲ್ಲಿ ಓದುತ್ತಿದ್ದರು. ಬೋರ್ಡಿಂಗಿನ ಮೇಲ್ವಿಚಾರಕರು ಅಣ್ಣಾಸಾಹೇಬ ಲಠ್ಠೆಯವರು. ವಿದ್ವಾಂಸರು, ಸಮಾಜದ ಮುಖಂಡರು, ಮುಂದೆ 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದವರು.

1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹವು ಸ್ಥಾಪನೆಯಾಯಿತು. ಅದರ ಸಮಾರಂಭಕ್ಕೆ ಹೋಗಿ ಬಂದ ಭಾವೂರಾವರು ಊಟದ ಹೊತ್ತಿಗೆ ಬೋರ್ಡಿಂಗಿಗೆ ಮರಳಿದರು. ಸ್ನಾನ ಮಾಡಿ ಶುದ್ಧನಾಗಿ ಪಂಕ್ತಿಗೆ ಬರಬೇಕೆಂದು ಆಜ್ಞೆಯಾಯಿತು. ಮನುಷ್ಯರ ನಡುವೆ ಕುಳಿತು ಬಂದುದಕ್ಕೆ ಸ್ನಾನವೇಕೆಂದು ಅವರು ಒಪ್ಪಲಿಲ್ಲ. ಪರಿಣಾಮವಾಗಿ ಬೋರ್ಡಿಂಗನ್ನು ಬಿಡಬೇಕಾಯಿತು.

ಇದನ್ನು ಬರೆದುದರಿಂದ ಹಿರಿಯರ ಹೆಸರಿಗೆ ಕುಂದು ತರಬೇಕೆಂಬ ಉದ್ದೇಶ ನನಗಿಲ್ಲ. ಆ ಕಾಲದ ಆಚಾರ ಹಾಗಿತ್ತು. ನಮ್ಮ ನಮ್ಮ ಅಜ್ಜಂದಿರು ಅಲ್ಲಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಸಮ್ಯಕ್ತ್ವಕ್ಕೆ ಜಾತಿ ಅಡ್ಡಿಯಲ್ಲವೆಂದು ಸಾರಿದ ಧರ್ಮದ ಮಕ್ಕಳು ಕಟ್ಟಿದ ಬಾಗಿಲು ಆ ಸಂಜೆ ಒಬ್ಬ ಹುಡುಗನಿಗೆ ಮುಚ್ಚಿತೆಂಬುದು ಸತ್ಯ. ಆ ಹುಡುಗನು ಮುಂದೆ ತನ್ನ ಆಯುಷ್ಯವನ್ನೆಲ್ಲ ಬಾಗಿಲು ತೆರೆಯುವುದರಲ್ಲಿಯೇ ಕಳೆದನೆಂಬುದೂ ಅಷ್ಟೇ ಸತ್ಯ.

ಸತ್ಯಾಣುವ್ರತದ ಪರೀಕ್ಷೆ

ಇಂಗ್ಲಿಷ ಆರನೆಯ ಇಯತ್ತೆಯ ಆಚೆ ಅವರ ಓದು ಸಾಗಲಿಲ್ಲ. ಆ ವೇಳೆಗೆ ಕುಂಭೋಜದ ಪಾಟೀಲ ಮನೆತನದ ಲಕ್ಷ್ಮೀಬಾಯಿಯವರೊಡನೆ ವಿವಾಹವೂ ಆಗಿತ್ತು. ಓದು ಇಲ್ಲ, ನೌಕರಿ ಇಲ್ಲ, ಮೇಲೆ ಸಂಸಾರ. ಕೂತು ಉಣ್ಣುವ ಮಗನ ಬಗ್ಗೆ ತಂದೆಯವರು ಬೇಸರದ ಮಾತನಾಡಿದಾಗ ಮಾನಿಯಾದ ಭಾವೂರಾವರು ಮನೆಯನ್ನು ಬಿಟ್ಟು ಸಾತಾರೆಗೆ ಬಂದು ಮಕ್ಕಳಿಗೆ ಶಿಕವಣಿ ಹೇಳತೊಡಗಿದರು. ಹಾಯಸ್ಕೂಲನ್ನು ಮುಗಿಸದ ಈ ತರುಣನು ಹಾಯಸ್ಕೂಲಿನ ಮಕ್ಕಳಿಗೆ ಪಾಠ ಹೇಳಿ ‘ಪಾಟೀಲ ಮಾಸ್ತರ’ ಎಂದು ಊರಲ್ಲಿ ಹೆಸರಾದನು. ಇದೇ ಕಾಲದಲ್ಲಿ ಗೆಳೆಯರೊಡನೆ ಸೇರಿ ದುಧಗಾವದಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಒಂದು ಆಶ್ರಮವನ್ನು ನಡೆಸುವ ಪ್ರಯತ್ನವೂ ನಡೆಯಿತು.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ ರಾಜದಂಪತಿಗಳ ಪ್ರತಿಮೆಗಳಿಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದ ಪೋಲೀಸರ ಸಂಶಯವು ಲಠ್ಠೆಯವರತ್ತ ತಿರುಗಿತು. ಅವರ ವಿರುದ್ಧ ಸಾಕ್ಷಿ ನುಡಿಯಬೇಕೆಂದು ಭಾವೂರಾವರ ಮೇಲೆ ಒತ್ತಡ ಬಂದಿತು. ತನ್ನನ್ನು ಬೋರ್ಡಿಂಗಿನಿಂದ ಹೊರಗೆ ಕಳಿಸಿದವರ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ಅವಕಾಶ ಬೇರೆ ಯಾರಿಗೆ ಸಿಕ್ಕೀತು? ಒಂದು ಸುಳ್ಳು ಸಾಕಾಗಿತ್ತು. ಭಾವೂರಾವರು ಆ ಸುಳ್ಳನ್ನು ಹೇಳಲಿಲ್ಲ. ಸೆರೆಯಲ್ಲಿ ಹಿಂಸೆಯನ್ನು ಅನುಭವಿಸಿದರು. ಒಂದು ಹಂತದಲ್ಲಿ ಪ್ರಾಣವನ್ನೇ ಬಿಡಲು ಮುಂದಾದರು. ಸುಳ್ಳು ಸಾಕ್ಷಿಯನ್ನು ಮಾತ್ರ ನುಡಿಯಲಿಲ್ಲ.

ನಾವು ಅಣುವ್ರತಗಳನ್ನು ಬಾಯಿಪಾಠ ಮಾಡಿದ್ದೇವೆ. ಕೂಟಸಾಕ್ಷಿಯು ಸತ್ಯಾಣುವ್ರತಕ್ಕೆ ಕಲಂಕವೆಂದು ಪಾಠಶಾಲೆಯ ಮಕ್ಕಳೂ ಹೇಳುತ್ತಾರೆ. ಅಂಗಡಿಯಲ್ಲಿ ಒಂದು ರೂಪಾಯಿಯ ಲಾಭಕ್ಕೆ ನಾಲಗೆ ಹೊರಳುವ ನಮ್ಮಂಥವರಿಗೆ, ಸೆರೆಮನೆಯಲ್ಲಿ ಆ ವ್ರತ ಉಳಿಸಿಕೊಳ್ಳುವುದರ ಕಷ್ಟ ತಿಳಿಯಬೇಕಾದರೆ ಈ ಪ್ರಸಂಗವನ್ನು ಎರಡು ಸಲ ಓದಬೇಕು. ಇದರಲ್ಲಿ ಇನ್ನೂ ಒಂದು ಸಂಗತಿಯಿದೆ. ಶಾಹೂ ಮಹಾರಾಜರ ಸಂಸ್ಥಾನದಲ್ಲಿಯೇ ಅವರಿಗೆ ಈ ಕಷ್ಟ ಬಂದಿತ್ತು. ಆದರೂ ಬಡವರ ವಿದ್ಯೆಗೆ ಮಹಾರಾಜರು ಮಾಡಿದ ಉಪಕಾರವನ್ನು ಅವರು ಮರೆಯಲಿಲ್ಲ. ಸಾತಾರೆಯ ತಮ್ಮ ವಸತಿಗೃಹಕ್ಕೆ ಆ ಮಹಾರಾಜರ ಹೆಸರನ್ನೇ ಇಡಿಸಿದರು.

ರಂಟೆ ಮಾರುತ್ತ ಕಂಡ ಲೋಕ

ವ್ಯಾಪಾರಿಯಾದ ನನಗೆ ಅವರ ಜೀವನದಲ್ಲಿ ಅತ್ಯಂತ ಮೆಚ್ಚಿಕೆಯಾದ ಭಾಗವಿದು. ಸಾತಾರೆಯ ಶಿಕವಣಿಯ ನಂತರ ಭಾವೂರಾವರು ಕೆಲಕಾಲ ಓಗಲೆಯವರ ಕಾಜಿನ ಕಾರಖಾನೆಯ ಕಂದೀಲುಗಳನ್ನೂ, ಬಳಿಕ ಕಿರ್ಲೋಸ್ಕರರ ಕಬ್ಬಿಣದ ರಂಟೆಗಳನ್ನೂ ಮಾರುವ ಪ್ರತಿನಿಧಿಯಾಗಿ ತಿರುಗಿದರು.

ಕಿರ್ಲೋಸ್ಕರರ ರಂಟೆಯು ನಮ್ಮ ಜಿಲ್ಲೆಗೆ ಹೊಸ ಮಾತಲ್ಲ. ಲಕ್ಷ್ಮಣರಾವ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸಾಯಕಲ್ ಅಂಗಡಿಯಿಂದ ಪ್ರಾರಂಭಿಸಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ರಂಟೆಗಳನ್ನು ಮಾಡಿದವರು. ಅಲ್ಲಿಯ ಸ್ಥಳವನ್ನು ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧ ಸಂಸ್ಥಾನದ ಕುಂಡಲ ರೋಡಿಗೆ ಹೋಗಿ ಊರನ್ನೇ ಕಟ್ಟಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂಬ ನಂಬಿಕೆಯಿಂದ ಒಕ್ಕಲಿಗರು ಮೊದಮೊದಲು ಆ ರಂಟೆಗಳನ್ನು ಮುಟ್ಟುತ್ತಿರಲಿಲ್ಲ. ಮರದ ನೇಗಿಲನ್ನು ಬಿಟ್ಟು ಕಬ್ಬಿಣಕ್ಕೆ ಬನ್ನಿರೆಂದು ಹೊಲದ ಬದುವಿನಲ್ಲಿ ನಿಂತು ಹೇಳುವುದಕ್ಕೆ ಜಾಣ್ಮೆಯೂ ಬೇಕು, ತಾಳ್ಮೆಯೂ ಬೇಕು. ಭಾವೂರಾವರ ಗಟ್ಟಿ ಕಂಠ, ಒಕ್ಕಲು ಮನೆಯ ಮಾತು, ಹಳ್ಳಿಯ ಚಾವಡಿಯಲ್ಲಿ ಎಲ್ಲರೊಡನೆ ಕುಳಿತುಕೊಳ್ಳುವ ಸರಳತನ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು.

ರಾಯಬಾಗದಲ್ಲಿ ಗಾಡಿಯನ್ನು ಹತ್ತಿದವರು ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜಿಗೆ ಹೋಗುತ್ತಾರೆ. ಅದೇ ಹಳಿಯ ಮೇಲೆ ಮುಂದಕ್ಕೆ ಕಿರ್ಲೋಸ್ಕರವಾಡಿ, ಓಗಲೆವಾಡಿಯ ಕರಾಡ, ಕೋರೇಗಾವ, ಸಾತಾರಾ. ಭಾವೂರಾವರ ದುಡಿಮೆಯ ಆಯುಷ್ಯವೆಲ್ಲ ಈ ಒಂದೇ ರೇಲ್ವೆಯ ಎರಡು ಬದಿಗಳಲ್ಲಿ ಹರಡಿಕೊಂಡಿದೆ. ಗಾಡಿಯ ಕಿಟಕಿಯಿಂದ ಆ ಹೊಲಗಳನ್ನು ನೋಡುವಾಗಲೆಲ್ಲ, ರಂಟೆಯ ವರ್ಣನೆ ಮಾಡುತ್ತ ನಡೆದುಹೋಗುವ ಆ ಎತ್ತರದ ಆಸಾಮಿ ನನ್ನ ಕಣ್ಣಿಗೆ ಕಟ್ಟುತ್ತಾರೆ.

ಮಾರಾಟಕ್ಕೆ ಹೋದವನು ಗಿರಾಕಿಯ ಮನೆಯನ್ನು ಒಳಗಿನಿಂದ ಕಾಣುತ್ತಾನೆ. ಯಾರಿಗೆ ಸಾಲವೆಷ್ಟು, ಯಾರ ಕೈ ಬರಹ ಬಲ್ಲದು, ಯಾರ ಹೆಬ್ಬೆಟ್ಟು ಯಾವ ಕಾಗದದ ಮೇಲಿದೆ, ಎಲ್ಲವೂ ಅವನಿಗೆ ತಿಳಿಯುತ್ತದೆ. ಹಳ್ಳಿ ಹಳ್ಳಿ ತಿರುಗಿದ ಭಾವೂರಾವರಿಗೆ ತಿಳಿದುದಿಷ್ಟು: ಹೊಲಕ್ಕೆ ಒಳ್ಳೆಯ ರಂಟೆ ಬಂದರೂ ಅದರ ಬೆಳೆಯ ಲೆಕ್ಕವನ್ನು ಓದಲಾರದ ಒಕ್ಕಲಿಗನ ಮನೆಯಲ್ಲಿ ಬಡತನ ಹಾಗೆಯೇ ಉಳಿಯುತ್ತದೆ. ಗಿರಾಕಿಯ ಅಜ್ಞಾನವು ವ್ಯಾಪಾರಿಗೆ ಲಾಭವೆಂದು ತಿಳಿಯುವವರೇ ಬಹಳ. ನಾನು ಈ ಧಂದೆಯೊಳಗಿದ್ದೇ ಈ ಮಾತನ್ನು ಹೇಳುತ್ತೇನೆ. ಆ ಅಜ್ಞಾನವನ್ನು ಕಂಡು ನೊಂದು, ವ್ಯಾಪಾರವನ್ನೇ ವಿದ್ಯಾಪ್ರಸಾರದ ದಾರಿಯಾಗಿ ಮಾಡಿಕೊಂಡವರು ಭಾವೂರಾವರು.

1919ರ ಅಕ್ಟೋಬರ 4, ವಿಜಯದಶಮಿಯ ದಿನ, ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ‘ರಯತ’ ಎಂದರೆ ಪ್ರಜೆ, ನಮ್ಮ ನುಡಿಯ ರೈತ. ಸಂಸ್ಥೆಯ ಹೆಸರಿನಲ್ಲಿಯೇ ಅದು ಯಾರದೆಂಬುದು ಸ್ಪಷ್ಟವಾಗಿದ್ದಿತು.

ಲಕ್ಷ್ಮೀಬಾಯಿಯವರ ಮಂಗಳಸೂತ್ರ

1924ರಲ್ಲಿ ಸಂಸ್ಥೆಯು ಸಾತಾರೆಗೆ ಬಂದಿತು. ಅಲ್ಲಿ ಮರಾಠ, ಜೈನ, ಮುಸಲ್ಮಾನ, ಮಹಾರ, ಮಾಂಗ ಮುಂತಾದ ಎಲ್ಲ ಸಮಾಜಗಳ ಹುಡುಗರು ಒಂದೇ ಸೂರಿನ ಕೆಳಗೆ ಇರುವ, ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹ ಆರಂಭವಾಯಿತು. ಆರಂಭವೆಂದು ನಾವು ಸುಲಭವಾಗಿ ಬರೆಯುತ್ತೇವೆ. ಆದರೆ ಆ ಮಕ್ಕಳಿಗೆ ರೊಟ್ಟಿ ಬಡಿದವರು ಯಾರು? ಜ್ವರ ಬಂದ ಹುಡುಗನ ಹಣೆಗೆ ಒದ್ದೆಬಟ್ಟೆಯಿಟ್ಟವರು ಯಾರು?

ಲಕ್ಷ್ಮೀಬಾಯಿಯವರು ಸಂಪ್ರದಾಯಸ್ಥ ಜೈನ ಮನೆತನದ ಮಗಳು. ವ್ರತ, ಉಪವಾಸ, ಮಡಿ, ಸೂರ್ಯಾಸ್ತದೊಳಗೆ ಊಟ ಇವುಗಳಲ್ಲಿ ಬೆಳೆದವರು. ಅಡಿಗೆಮನೆಯ ಶುದ್ಧಿ ಎಂದರೇನೆಂದು ನಮ್ಮ ತಾಯಂದಿರನ್ನು ಕಂಡ ಯಾರಿಗೂ ಹೇಳಬೇಕಾಗಿಲ್ಲ. ಅಂತಹ ಹೆಣ್ಣುಮಗಳ ಒಲೆಯ ಮುಂದೆ ಪತಿಯು ಎಲ್ಲ ಜಾತಿಯ ಮಕ್ಕಳನ್ನು ತಂದು ಕೂರಿಸಿದರು. ಪತಿಗೆ ಅದು ಸಿದ್ಧಾಂತವಾಗಿದ್ದಿರಬಹುದು; ಪತ್ನಿಗೆ ದಿನವೂ ಮುಂಜಾನೆ ಎದ್ದು ಮಾಡುವ ಕೆಲಸವಾಗಿತ್ತು. ಮನಸ್ಸಿನೊಳಗಿನ ಗೋಡೆಯನ್ನು ಕೆಡವಿದ ಸಾಹಸದಲ್ಲಿ ಇಬ್ಬರನ್ನು ತೂಗಿದರೆ ತಕ್ಕಡಿಯು ಯಾವ ಕಡೆಗೆ ಬಾಗುವುದೋ ನಾನು ಹೇಳಲಾರೆ.

ತವರಿನಿಂದ ತಂದ ಬಂಗಾರ ಒಂದೊಂದಾಗಿ ಮಕ್ಕಳ ಅನ್ನವಾಯಿತು. ಒಂದು ದಿನ ಭಾವೂರಾವರು ಊರಲ್ಲಿರಲಿಲ್ಲ, ವಸತಿಗೃಹದಲ್ಲಿ ಕಾಳು ತೀರಿತ್ತು, ಹುಡುಗರು ಹಸಿದಿದ್ದರು. ಮೈಮೇಲೆ ಉಳಿದುದು ಮಂಗಳಸೂತ್ರವೊಂದೇ. ಅದನ್ನೂ ತೆಗೆದುಕೊಟ್ಟು ಧಾನ್ಯ ತರಿಸಿ ಆ ತಾಯಿ ಅಡಿಗೆ ಮಾಡಿದರು. ಸಾತಾರೆಯ ಕಡೆಗೆ ಇಂದಿಗೂ ಈ ಸಂಗತಿಯನ್ನು ಹೇಳುವಾಗ ವಯಸ್ಸಾದವರ ಧ್ವನಿ ಇಳಿಯುತ್ತದೆ. ಸೌಭಾಗ್ಯದ ಚಿಹ್ನೆಯನ್ನು ಬೇರೆಯವರ ಮಕ್ಕಳ ರೊಟ್ಟಿಗಾಗಿ ಕಳಚಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಎಂತಹ ಕಠಿಣ ತ್ಯಾಗವೆಂಬುದನ್ನು ಓದುಗ ತಾಯಂದಿರೇ ಬಲ್ಲರು.

ಲಕ್ಷ್ಮೀಬಾಯಿಯವರು ಸಂಸ್ಥೆಯ ದೊಡ್ಡ ದಿನಗಳನ್ನು ಕಾಣಲಿಲ್ಲ. 1930ರಲ್ಲಿ ಸಣ್ಣ ವಯಸ್ಸಿನಲ್ಲಿಯೇ ತೀರಿಕೊಂಡರು. ಭಾವೂರಾವರು ಪುನಃ ಸಂಸಾರ ಹೂಡಲಿಲ್ಲ. ವಸತಿಗೃಹದ ಮಕ್ಕಳ ಸಂಸಾರವು ಆಗಲೇ ಬೆಳೆದಿತ್ತು. ಆ ಮಕ್ಕಳೆಲ್ಲರೂ ಅವರನ್ನು ‘ಅಣ್ಣಾ’ ಎಂದೇ ಕರೆಯುತ್ತಿದ್ದರು. ನಮ್ಮ ನುಡಿಯಲ್ಲಿಯೂ ಅಣ್ಣನೆಂದರೆ ತಂದೆಯ ನಂತರ ಮನೆಯ ಭಾರವನ್ನು ಹೊರುವವನಲ್ಲವೇ?

ಮಹಾತ್ಮರ ಭೇಟಿ

1927ರ ಫೆಬ್ರುವರಿ 25ರಂದು ಮಹಾತ್ಮಾ ಗಾಂಧಿಯವರು ಸಾತಾರೆಗೆ ಬಂದು ಈ ವಸತಿಗೃಹವನ್ನು ಕಂಡರು. ಎಲ್ಲ ಜಾತಿಯ ಮಕ್ಕಳು ಸಹೋದರರಂತೆ ಕೂಡಿ ಇರುವುದನ್ನು ನೋಡಿ, ತಮ್ಮ ಆಶ್ರಮದಲ್ಲಿಯೂ ಇಷ್ಟು ಸಹಜವಾಗಿ ಕೈಗೂಡದ ಕಾರ್ಯ ಇಲ್ಲಿ ನಡೆದಿದೆಯೆಂಬ ಅರ್ಥದ ಮಾತನಾಡಿದರೆಂದು ಹೇಳುತ್ತಾರೆ. ಅವರ ಹಸ್ತದಿಂದಲೇ ವಸತಿಗೃಹಕ್ಕೆ ‘ಶ್ರೀ ಛತ್ರಪತಿ ಶಾಹೂ ಬೋರ್ಡಿಂಗ ಹೌಸ್’ ಎಂದು ನಾಮಕರಣವಾಯಿತು. ದಪ್ಪ ಖಾದಿಯ ಉಡುಪು, ಎದೆಗಿಳಿದ ಗಡ್ಡ, ಹೀಗೆ ಸನ್ಯಾಸಿಯ ವೇಷದಲ್ಲಿ ಕಾಣುವ ಭಾವೂರಾವರ ಭಾವಚಿತ್ರವನ್ನು ನಮ್ಮಲ್ಲಿ ಹಲವರು ನೋಡಿರಬೇಕು. ನೋಡಲು ವಿರಾಗಿಯಂತಿದ್ದರೂ ಅವರ ದಿನಚರಿಯೆಲ್ಲ ಗೃಹಸ್ಥನದೇ: ನಾಳೆಗೆ ಜೋಳ ಎಷ್ಟಿದೆ, ಯಾವ ಹುಡುಗನಿಗೆ ಹಾಸಿಗೆಯಿಲ್ಲ, ಯಾರ ಶುಲ್ಕ ಬಾಕಿಯಿದೆ ಎಂಬ ಚಿಂತೆ.

ಆಲದ ಮರ

ಸಂಸ್ಥೆಯ ಲಾಂಛನವು ಆಲದ ಮರ. ಬಿಳಲು ನೆಲಕ್ಕಿಳಿದು ತಾನೇ ಕಾಂಡವಾಗುವ ಮರವದು. ಸಂಸ್ಥೆಯೂ ಹಾಗೆಯೇ ಬೆಳೆಯಿತು. ಅಸ್ಪೃಶ್ಯತೆಯ ವಿಷಯವಾಗಿ ಪುಣೆಯ ಒಪ್ಪಂದವಾದ 1932ರಲ್ಲಿ ಪುಣೆಯಲ್ಲಿ ಯುನಿಯನ್ ಬೋರ್ಡಿಂಗ ಹೌಸನ್ನು ತೆರೆದರು. 1935ರಲ್ಲಿ ಸಾತಾರೆಯಲ್ಲಿ ಶಿಕ್ಷಕರನ್ನು ತಯಾರಿಸುವ ಟ್ರೇನಿಂಗ ಕಾಲೇಜನ್ನು ಆರಂಭಿಸಿದರು. ಶಿಕ್ಷಕರಿಲ್ಲದೆ ಶಾಲೆಯಾಗದೆಂಬುದು ಅವರ ಸರಳ ಲೆಕ್ಕ. ಆ ದಶಕದ ಕೊನೆಯ ವರ್ಷಗಳಲ್ಲಿ, ಸರಕಾರಿ ಶಾಲೆಗಳಿಲ್ಲದ ಹಳ್ಳಿಗಳಲ್ಲಿ, ಗುಡಿ ಚಾವಡಿಗಳ ಕಟ್ಟೆಯ ಮೇಲೆ, ಒಬ್ಬೊಬ್ಬ ಶಿಕ್ಷಕರ ಶಾಲೆಗಳನ್ನು ಹೂಡುತ್ತ ಹೋದರು. 1940ರಲ್ಲಿ ಬಡೋದೆಯ ಸಯಾಜಿರಾವ ಮಹಾರಾಜರ ಹೆಸರಿನಲ್ಲಿ ಉಚಿತ ವಸತಿಯ ಹಾಯಸ್ಕೂಲು, 1947ರ ಜೂನ್ ತಿಂಗಳಲ್ಲಿ ಛತ್ರಪತಿ ಶಿವಾಜಿ ಕಾಲೇಜು, 1954ರಲ್ಲಿ ಕರಾಡದಲ್ಲಿ ಗಾಡಗೆ ಮಹಾರಾಜರ ಹೆಸರಿನ ಕಾಲೇಜು ಬೆಳಕಿಗೆ ಬಂದವು.

ಶಿವಾಜಿ ಕಾಲೇಜಿನಲ್ಲಿ ‘ದುಡಿದು ಕಲಿ’ ಎಂಬ ಪದ್ಧತಿಯನ್ನು ನಡೆಸಿದರು. ಹುಡುಗರು ಹೊಲದಲ್ಲಿ ದುಡಿದರು, ಕಲ್ಲು ಹೊತ್ತರು, ಕಟ್ಟಡ ಕಟ್ಟಿದರು. ಆ ದುಡಿಮೆಯೇ ಅವರ ಶುಲ್ಕವಾಯಿತು. ಮುಂಜಾನೆ ಗುದ್ದಲಿ ಹಿಡಿದ ಕೈ ಮಧ್ಯಾಹ್ನ ಪುಸ್ತಕ ಹಿಡಿಯಿತು. ಭಿಕ್ಷೆಯ ವಿದ್ಯೆಯು ಮನುಷ್ಯನನ್ನು ಬಾಗಿಸುವುದೆಂದೂ, ಗಳಿಸಿದ ವಿದ್ಯೆಯು ನೆಟ್ಟಗೆ ನಿಲ್ಲಿಸುವುದೆಂದೂ ಅವರ ನಂಬಿಕೆಯಾಗಿತ್ತು.

ಈ ಕಾಲೇಜಿನ ಬಗ್ಗೆ ಹೇಳುವ ಒಂದು ಕಥೆ ದಾನಿಗಳಾದ ನಾವೆಲ್ಲ ಕೇಳತಕ್ಕದ್ದು. ಒಬ್ಬ ಶ್ರೀಮಂತರು ದೊಡ್ಡ ಮೊತ್ತವನ್ನು ಕೊಡಲು ಬಂದರು. ಕಾಲೇಜಿಗೆ ಶಿವಾಜಿಯ ಹೆಸರನ್ನು ತೆಗೆದು ತಾವು ಹೇಳಿದ ಹೆಸರನ್ನಿಡಬೇಕೆಂಬುದು ಅವರ ಕರಾರು. ಒಮ್ಮೆ ಬೇಕಾದರೆ ಹೆತ್ತ ತಂದೆಯ ಹೆಸರನ್ನು ಬದಲಿಸಿಯೇನು, ಈ ಹೆಸರನ್ನು ಬದಲಿಸಲಾರೆನೆಂದು ಭಾವೂರಾವರು ಆ ಹಣವನ್ನು ಮರಳಿಸಿದರಂತೆ. ಹಣದ ಅಡಚಣೆ ಅವರಿಗೆ ಎಂದೂ ತಪ್ಪಿದ್ದಿಲ್ಲ. ಆದರೂ ದಾನಕ್ಕೆ ಹಗ್ಗ ಕಟ್ಟಿ ಕೊಟ್ಟರೆ ಅದು ದಾನವೇ ಅಲ್ಲವೆಂಬುದನ್ನು ಬಲ್ಲವರಾಗಿದ್ದರು.

ಅಸ್ತಮಾನ

1959ನೇ ಇಸವಿಯು ಅವರ ಪಾಲಿಗೆ ಗೌರವದ ವರ್ಷವೂ ಕೊನೆಯ ವರ್ಷವೂ ಆಯಿತು. ಜನವರಿಯಲ್ಲಿ ಭಾರತ ಸರಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಎಪ್ರಿಲ್ 5ರಂದು ಪುಣೆ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಯಿಂದ ಗೌರವಿಸಿತು. ಆರನೆಯ ಇಯತ್ತೆಯಲ್ಲಿ ಹಿಂದೆ ಬಿದ್ದ ಹುಡುಗನ ಬಳಿಗೆ ವಿಶ್ವವಿದ್ಯಾಲಯವೇ ನಡೆದು ಬಂದಂತಾಯಿತು. ಆ ಬಳಿಕ ಐದು ವಾರವೂ ಕಳೆಯಲಿಲ್ಲ. ಮೇ 9ರಂದು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರು ದೇಹತ್ಯಾಗ ಮಾಡಿದರು. ಬಾಳಿದ್ದು ಎಪ್ಪತ್ತೊಂದು ವರ್ಷ ಏಳು ತಿಂಗಳು. ಅಷ್ಟು ಹೊತ್ತಿಗೆ ಸಂಸ್ಥೆಯ ಹಾಯಸ್ಕೂಲುಗಳೇ ನೂರನ್ನು ದಾಟಿದ್ದವು. ಹಳ್ಳಿಯ ಶಾಲೆಗಳು ಐನೂರಕ್ಕೂ ಮಿಗಿಲಾಗಿದ್ದವು. ಮೂವತ್ತಕ್ಕೂ ಹೆಚ್ಚು ವಸತಿಗೃಹಗಳಲ್ಲಿ ಎಲ್ಲ ಜಾತಿಯ ಮಕ್ಕಳು ಕೂಡಿ ಉಣ್ಣುತ್ತಿದ್ದರು.

2019ರಲ್ಲಿ ಸಂಸ್ಥೆಗೆ ನೂರು ವರ್ಷ ತುಂಬಿತು. ಇಂದು ಏಳುನೂರಕ್ಕೂ ಹೆಚ್ಚು ಶಾಖೆಗಳುಳ್ಳ ಆ ಆಲದ ಮರದ ಬಿಳಲು ಮಹಾರಾಷ್ಟ್ರದ ಗಡಿ ದಾಟಿ ಕರ್ನಾಟಕದ ನೆಲವನ್ನೂ ಮುಟ್ಟಿದೆ. 2021ರಲ್ಲಿ ಸಾತಾರೆಯಲ್ಲಿ ಕರ್ಮವೀರ ಭಾವೂರಾವ ಪಾಟೀಲರ ಹೆಸರಿನ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿದೆ.

ನಮ್ಮ ಜಮಾಖರ್ಚು

ದೀಪಾವಳಿಯ ಪಾಡ್ಯದಂದು ನಾವು ವ್ಯಾಪಾರಿಗಳು ಹೊಸ ವಹಿಯನ್ನು ಪೂಜಿಸುವ ಮೊದಲು ಹಳೆಯ ಬಾಕಿಗಳನ್ನು ನೋಡಿಕೊಳ್ಳುತ್ತೇವೆ. ಈ ಲೇಖನವನ್ನು ಮುಗಿಸುವ ಮೊದಲು ನನ್ನದೊಂದು ಹಳೆಯ ಬಾಕಿಯನ್ನು ಇಲ್ಲಿ ಬರೆದಿಡುತ್ತೇನೆ.

ಹಲವು ವರ್ಷಗಳ ಹಿಂದೆ ಒಂದು ಸಂಜೆ, ಬಾಜಾರದ ನಮ್ಮ ಅಂಗಡಿಗೆ ಹಳ್ಳಿಯ ಹುಡುಗನೊಬ್ಬನು ಬಂದನು. ಕಾಲೇಜಿಗೆ ಹೆಸರು ಹಚ್ಚಿದ್ದನು, ಇರಲು ಸ್ಥಳವಿರಲಿಲ್ಲ. ಅಂಗಡಿಯ ಮಾಳಿಗೆಯ ಮೇಲಿನ ಖೋಲಿ ಖಾಲಿಯಿದೆಯೆಂದು ಯಾರೋ ಹೇಳಿದ್ದರು. ಬಾಡಿಗೆ ಎಷ್ಟಾದರೂ ಕೊಡುತ್ತೇನೆ, ಸಾಹುಕಾರರೇ, ಎಂದನು. ನಾನು ಬಾಡಿಗೆಯನ್ನು ಹೇಳಲಿಲ್ಲ. ಮೊದಲು ಅಡ್ಡಹೆಸರನ್ನು ಕೇಳಿದೆ. ಹ��ಡುಗನು ಒಂದು ಕ್ಷಣ ನನ್ನ ಮುಖವನ್ನು ನೋಡಿ, ಹೆಸರು ಹೇಳಿದನು. ಆ ಖೋಲಿಯಲ್ಲಿ ಮಾಲು ಇಡುವುದಿದೆಯೆಂದು ನಾನು ಸುಳ್ಳು ಹೇಳಿದೆ. ಆಗಲಿ ಎಂದು ಕೈಮುಗಿದು ಹೋದನು. ಮತ್ತೆ ಬರಲಿಲ್ಲ.

ನಾನು ದಿನವೂ ಬಸದಿಗೆ ಹೋಗುವವನು. ಅಂದೂ ಹೋಗಿದ್ದೆ. ಆ ದಿನ ನನ್ನ ಮನಸ್ಸಿಗೆ ಏನೂ ತಾಗಲಿಲ್ಲವೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮುಂದೆ ಸಾತಾರೆಯಲ್ಲಿ ಭಾವೂರಾವರ ಚರಿತ್ರೆಯನ್ನು ಕೇಳಿ, ಕೊಲ್ಹಾಪುರದ ಆ ಸಂಜೆಯ ಊಟದ ಪಂಕ್ತಿಯ ಸಂಗತಿ ಬಂದಾಗ, ನನ್ನ ಅಂಗಡಿಯ ಮೆಟ್ಟಿಲು ನೆನಪಾಯಿತು. ನೂರು ವರ್ಷದ ಹಿಂದಿನ ಹಿರಿಯರನ್ನು ತಪ್ಪುಗಾರರೆಂದು ಹೇಳುವುದು ಸುಲಭ. ಅವರಿಗೆ ಕಾಲದ ನೆವವಾದರೂ ಇತ್ತು. ನನಗೆ ಯಾವ ನೆವವೂ ಇರಲಿಲ್ಲ.

ಈಗ ಆ ಖೋಲಿಯಲ್ಲಿ ಇಬ್ಬರು ಹುಡುಗರು ಇದ್ದಾರೆ. ಅಡ್ಡಹೆಸರನ್ನು ನಾನು ಕೇಳಲಿಲ್ಲ; ಕೇಳದೆ ಇರುವುದಕ್ಕೆ ಮೊದಲ ದಿನ ನಾಲಗೆಯನ್ನು ಹಿಡಿದುಕೊಳ್ಳಬೇಕಾಯಿತೆಂಬುದನ್ನೂ ಮುಚ್ಚಿಡುವುದಿಲ್ಲ. ಹಳೆಯ ಬಾಕಿ ಅದರಿಂದ ತೀರಿತೆಂದು ನಾನು ತಿಳಿದಿಲ್ಲ. ಅದನ್ನು ವಸೂಲು ಮಾಡಬೇಕಾದವನು ಎಲ್ಲಿದ್ದಾನೋ ಯಾರಿಗೆ ಗೊತ್ತು?

ಬಂಧುಗಳೇ, ಪಂಚಕಲ್ಯಾಣ ಪ್ರತಿಷ್ಠೆಯು ಮುಗಿದು ಮಂಟಪ ಬಿಚ್ಚಿದ ಮೇಲೆ ನಮ್ಮ ಬಸದಿಯ ಪಕ್ಕದಲ್ಲಿ ಧರ್ಮಶಾಲೆಯ ಕಟ್ಟಡ ಮುಂದುವರಿಯಲಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ಗೃಹಸ್ಥನಿಗೆ ವಿಧಿಸಿದ್ದಾರೆ. ಬೇರೆ ಊರಿನಿಂದ ಓದಲು ಬರುವ ಬಡ ಹುಡುಗನಿಗೆ ಒಂದು ಖೋಲಿಯನ್ನು ಕೊಟ್ಟರೆ ಈ ನಾಲ್ಕರಲ್ಲಿ ಮೂರಾದರೂ ಒಟ್ಟಿಗೆ ಸಲ್ಲುತ್ತವೆ. ಆ ಕಟ್ಟಡದಲ್ಲಿ ಎರಡು ಖೋಲಿಗಳನ್ನು ಯಾವ ಜಾತಿಯೆಂದು ಕೇಳದೆ ವಿದ್ಯಾರ್ಥಿಗಳಿಗಾಗಿ ಮೀಸಲಿಡಬೇಕೆಂದು ಟ್ರಸ್ಟಿನ ಹಿರಿಯರಲ್ಲಿ ನನ್ನ ನಮ್ರ ವಿನಂತಿ. ಒಂದು ಖೋಲಿಯ ವೆಚ್ಚವನ್ನು ನನ್ನ ಕುಟುಂಬದವರು ಭರಿಸಲು ಸಿದ್ಧರಿದ್ದೇವೆ. ಅದರ ಮೇಲೆ ನಮ್ಮ ಮನೆತನದ ಹೆಸರಿನ ಕಲ್ಲು ಬೇಡ. ಹೆಸರು ಬೇಕೇಬೇಕೆಂದಾದರೆ ಮಂಗಳಸೂತ್ರವನ್ನು ಬಿಚ್ಚಿಕೊಟ್ಟು ಬೇರೆಯವರ ಮಕ್ಕಳಿಗೆ ಉಣಬಡಿಸಿದ ಕುಂಭೋಜದ ಮಗಳು ಲಕ್ಷ್ಮೀಬಾಯಿಯವರ ಹೆಸರನ್ನು ಇಡೋಣ.

ಬಸದಿಯ ಮಹಾದ್ವಾರವು ಈ ಶುಭದಿನ ತೆರೆಯುತ್ತಿದೆ. ಅದರೊಡನೆ ನಮ್ಮ ಮನೆಗಳ ಸಣ್ಣ ಬಾಗಿಲುಗಳೂ ತೆರೆಯಲೆಂದು ಭಗವಾನ ಜಿನೇಶ್ವರರಲ್ಲಿ ಪ್ರಾರ್ಥಿಸಿ ವಿರಮಿಸುತ್ತೇನೆ.